ಗಡ್ಡದೊಳಗಿನ ಉಪ್ಪು

ನಮ್ಮ ಭಾವನ ಗಡ್ಡ ಎಂಥದ್ದೆಂದರೆ, ಒಮ್ಮೆ ಅದರಲ್ಲಿ ಕಳೆದುಹೋದ ಪೆನ್ಸಿಲ್ಲು ಮತ್ತೆ ಸಿಕ್ಕಾಗ ಅರ್ಧ ಸವೆದಿತ್ತು. ಒಳಗೆ ಕೂತು ಯಾರು ಏನು ಬರೆದರೋ ದೇವರೇ ಬಲ್ಲ. ಬೀದಿಯ ತಿರುವಿನಲ್ಲಿ ಮೊದಲು ಗಡ್ಡ ಬರುತ್ತಿತ್ತು. ಅದು ಆಚೀಚೆ ನೋಡಿ ಹೂಂ ಅಂದ ಮೇಲೆ ಭಾವ ಬರುತ್ತಿದ್ದರು. ನಾನು ಸುಳ್ಳು ಹೇಳುವ ಪೈಕಿ ಅಲ್ಲ. ಬೇಕಾದರೆ ಅವರ ಹೆಂಡತಿಯನ್ನು, ಅಂದರೆ ನಮ್ಮ ಅಕ್ಕನನ್ನು ಕೇಳಿ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನ ಗದ್ದ ದುಂಡಗಿದೆಯೋ ಚೂಪಗಿದೆಯೋ ಅವಳಿಗೆ ಗೊತ್ತಿರಲಿಲ್ಲ.

ಆ ಗಡ್ಡಕ್ಕೆ ಕುತ್ತು ಬಂದದ್ದು ಕೆಲಸದ ಜಾಗದಿಂದ.

ಭಾವನೂ ನಾನೂ ಒಂದೇ ಕಾರ್ಖಾನೆ. ಅಣುಶಕ್ತಿಗೆ ಬೇಕಾದ ಹಳದಿ ಪುಡಿಯನ್ನು ಡ್ರಮ್ಮಿಗೆ ತುಂಬುವ ಕೋಣೆಗೆ ಅವರು ಮೇಸ್ತ್ರಿ. ಪಕ್ಕದ ಕೋಣೆಯಲ್ಲಿ ಮಾಸ್ಕ್ ತೊಳೆಯುವವನು ನಾನು. ಆ ಪುಡಿ ವಿಕಿರಣದ್ದು. ಹಿಟ್ಟಿಗಿಂತ ನಯ, ಗಾಳಿಯಲ್ಲಿ ತೇಲಿದರೆ ಕಣ್ಣಿಗೂ ಕಾಣದು. ಅದಕ್ಕೇ ಒಳಗೆ ಹೋಗುವವರೆಲ್ಲ ಇಡೀ ಮುಖ ಮುಚ್ಚುವ ರಬ್ಬರಿನ ಮಾಸ್ಕ್ ಹಾಕಬೇಕು. ಎರಡು ಕೆನ್ನೆಗೂ ಒಂದೊಂದು ಡಬ್ಬಿಯಂಥ ಫಿಲ್ಟರು. ನಮ್ಮ ಹುಡುಗರು ಅದಕ್ಕೆ ಹಂದಿಮೂತಿ ಎಂದು ಹೆಸರಿಟ್ಟಿದ್ದಾರೆ. ಹಂದಿಮೂತಿಯ ಅಂಚು ಚರ್ಮಕ್ಕೆ ಬಿಗಿಯಾಗಿ ಅಂಟಬೇಕು. ಕೂದಲು ಅಡ್ಡ ಬಂದರೆ ಅಲ್ಲಿ ಗಾಳಿ ನುಗ್ಗುತ್ತದೆ, ಗಾಳಿಯ ಜೊತೆ ಪುಡಿಯೂ ನುಗ್ಗುತ್ತದೆ. ಭಾವನ ಗದ್ದದ ಮೇಲಿದ್ದದ್ದೋ ಕೂದಲಲ್ಲ, ಕಾಡು.

ಹಾಗಾದರೆ ಅಷ್ಟು ದಿನ ಹೇಗೆ ಪಾಸಾದರು ಅಂತೀರಾ? ಹಳೇ ಪರೀಕ್ಷೆ ಬಾಳೆಹಣ್ಣಿನದು. ಮಾಸ್ಕ್ ಹಾಕಿಸಿ, ಮುಖದ ಸುತ್ತ ಬಾಳೆಹಣ್ಣಿನ ವಾಸನೆಯ ಎಣ್ಣೆ ಹಿಡಿಯುತ್ತಿದ್ದರು. ವಾಸನೆ ಬಂತೆಂದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ನಮ್ಮ ಭಾವ ನಶ್ಯದ ಭಕ್ತರು. ಮೂಗು ಯಾವತ್ತೋ ಅಂಗಡಿ ಮುಚ್ಚಿತ್ತು. ಒಮ್ಮೆ ಒಲೆಯ ಮೇಲೆ ಹಾಲು ಸೀದು ಇಡೀ ಬೀದಿ ಬಕೆಟ್ಟು ಹಿಡಿದು ಓಡಿಬಂದರೆ, ಒಲೆಯ ಪಕ್ಕದಲ್ಲೇ ಕೂತಿದ್ದ ಭಾವ "ಯಾರ ಮನೇಲಿ ಏನಾಯ್ತು?" ಎಂದು ಕೇಳಿದ್ದರು. ಇಂಥವರಿಗೆ ಬಾಳೆತೋಟವನ್ನೇ ಮೂಗಿಗೆ ತುರುಕಿದರೂ ಏನು ಬಂತು?

ಅಷ್ಟರಲ್ಲಿ ಸುರಕ್ಷತೆಗೆ ಅಂತ ಹೊಸ ಮೇಡಂ ಬಂದರು. ಗಡ್ಡ ನೋಡಿದರು, ಬಾಳೆಹಣ್ಣಿನ ಫಲಿತಾಂಶ ನೋಡಿದರು, ಮತ್ತೆ ಗಡ್ಡ ನೋಡಿದರು.

"ಮೇಸ್ತ್ರಿ, ಮಾಸ್ಕ್ ಬೇಡ. ಸುಮ್ನೆ ಕಣ್ಣು ಮುಚ್ಚಿ ಕೂತ್ಕೊಳ್ಳಿ. ಈಗ ಏನು ವಾಸನೆ ಬರ್ತಿದೆ ಹೇಳಿ."

ಭಾವ ಜಾಣರು. ಮಾಸ್ಕ್ ಇಲ್ಲದಾಗ ವಾಸನೆ ಬರಲೇಬೇಕಲ್ಲ! ಎದೆ ತುಂಬ ಉಸಿರೆಳೆದು ಹೇಳಿದರು: "ಬಾಳೆಹಣ್ಣು ಮೇಡಂ. ಭಾರಿ ಚೆನ್ನಾಗಿ ಹಣ್ಣಾಗಿದೆ."

"ಹೌದಾ? ಮತ್ತೆ ಕಣ್ಣಲ್ಲಿ ಯಾಕೆ ನೀರು?"

"ಬಾಳೆಹಣ್ಣು ಅಂದ್ರೆ ನನಗೆ ಪ್ರಾಣ ಮೇಡಂ."

ಕಣ್ಣು ಬಿಟ್ಟರೆ ಮೂಗಿನ ಕೆಳಗೆ ಕೊಯ್ದ ಈರುಳ್ಳಿ. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಮೇಡಂ ಮಾತ್ರ ನಗಲಿಲ್ಲ.

"ನೋಡಿ ಮೇಸ್ತ್ರಿ, ಈ ಪುಡಿ ಕೈಗೆ ಮೆತ್ತಿದ್ರೆ ಸೋಪು ಹಾಕಿ ತೊಳೀಬಹುದು. ಉಸಿರಲ್ಲಿ ಒಳಗೆ ಹೋದ್ರೆ ಅಲ್ಲೇ ಮನೆ ಮಾಡುತ್ತೆ. ಬಾಡಿಗೆ ಕೊಡಲ್ಲ, ಖಾಲಿನೂ ಮಾಡಲ್ಲ. ಇದ್ದಲ್ಲೇ ಇದ್ದು ಸುಡ್ತಾ ಇರುತ್ತೆ. ಎದೆಗೂಡು ಬಿಚ್ಚಿ ಸೋಪು ಹಾಕೋಕಾಗುತ್ತಾ?"

ಆಮೇಲೆ ಒಂದು ಯಂತ್ರ ತರಿಸಿದರು. ಅದಕ್ಕೆ ಮೂಗಿನ ಹಂಗಿಲ್ಲ. ಸಣ್ಣ ಕೋಣೆಯಲ್ಲಿ ಉಪ್ಪುನೀರನ್ನು ಮಂಜಿನ ಹಾಗೆ ಹಾರಿಸಿ, ಮಾಸ್ಕಿಗೆ ಒಂದು ಸಣ್ಣ ನಳಿಗೆ ಸಿಕ್ಕಿಸಿ, ಹೊರಗೆಷ್ಟು ಉಪ್ಪಿನ ಕಣ, ಒಳಗೆಷ್ಟು ಎಂದು ಎಣಿಸುತ್ತದೆ. ಭಾವ ಒಳಗೆ ನಿಂತರು. ತಲೆ ಎತ್ತಿ ಅಂದರೆ ಎತ್ತಿದರು, ಬಗ್ಗಿ ಅಂದರೆ ಬಗ್ಗಿದರು, ಮಾತಾಡಿ ಅಂದರೆ ಮಗ್ಗಿ ಹೇಳಿದರು. ಯಂತ್ರ ಕುಯ್ಯೋ ಮರ್ರೋ ಎಂದು ಅಳತೊಡಗಿತು. ಮೇಡಂ ಪರದೆ ನೋಡಿ ತಲೆ ಅಲ್ಲಾಡಿಸಿದರು.

"ಉಪ್ಪು ಹೆಚ್ಚಾಯ್ತು."

ಹಂದಿಮೂತಿಯ ಗಾಜಿನ ಹಿಂದೆ ಭಾವನ ಮುಖ ಸುಣ್ಣ ಬಳಿದಂತಾಯಿತು. ನನಗೂ ಜುಂ ಎಂದಿತು. ಯಾಕೆಂದರೆ ಆ ಎರಡು ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

ಯಾಕೆ ಅಂತ ಹೇಳಿಬಿಡುತ್ತೇನೆ. ಭಾವನ ತಾಯಿ ಇದ್ದರು. ಅಕ್ಕನ ಅತ್ತೆ. ಅಗಲ ಗದ್ದ, ನಡುವೆ ಬೆರಳಿಟ್ಟು ಒತ್ತಿದಂಥ ಗುಳಿ. ಬೈಯುವ ಮೊದಲು ಆ ಗದ್ದ ಮೇಲೇಳುತ್ತಿತ್ತು, ಬಂದೂಕು ಎತ್ತಿದ ಹಾಗೆ. ಅಕ್ಕನೇನು ಕಮ್ಮಿಯೇ? ಅತ್ತೆಸೊಸೆ ಶುರು ಹಚ್ಚಿದರೆ ಪಕ್ಕದ ಮನೆಯವರು ರೇಡಿಯೋ ಆರಿಸಿ ಕಿಟಕಿ ತೆರೆಯುತ್ತಿದ್ದರು. ಹೋದ ವರ್ಷ ಅತ್ತೆಯವರು ಹಾಸಿಗೆ ಹಿಡಿದರು. ಅಕ್ಕನೇ ಮಗುವಿನಂತೆ ನೋಡಿಕೊಂಡಳು. ಕೊನೆಯ ದಿನ ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಅತ್ತೆಯವರು ಅಗಿದರು, ನುಂಗಿದರು, ಗದ್ದ ಎತ್ತಿದರು. "ಉಪ್ಪು ಹೆಚ್ಚಾಯ್ತು" ಎಂದರು. ಪ್ರಾಣ ಬಿಟ್ಟರು.

ಅಕ್ಕ ಉತ್ತರ ಕೊಡಲು ಬಾಯಿ ತೆರೆದಿದ್ದಳು. ಕೇಳುವವರೇ ಇಲ್ಲ! ಜಗಳದಲ್ಲಿ ಕೊನೇ ಮಾತು ತನ್ನದಾಗಿಸಿಕೊಂಡು ಹೀಗೆ ಹೊರಟುಹೋದರೆ ಯಾರು ತಾನೇ ಸಹಿಸಿಯಾರು? ಆ ಉತ್ತರ ಅವಳ ಗಂಟಲಲ್ಲೇ ಕೂತಿತು. ಅಂದಿನಿಂದ ಅಡುಗೆಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ಕೇಳುವ ಧೈರ್ಯ ಯಾರಿಗಿದೆ? ಅವರ ಮನೆಗೆ ಊಟಕ್ಕೆ ಹೋಗುವಾಗ ನಾನು ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇಟ್ಟುಕೊಂಡೇ ಹೋಗುತ್ತಿದ್ದೆ.

ಮೇಡಂ ಕಡ್ಡಿ ಮುರಿದಂತೆ ಹೇಳಿದರು. ಸೋಮವಾರ ಮತ್ತೆ ಪರೀಕ್ಷೆ. ಅಷ್ಟರಲ್ಲಿ ಗಡ್ಡ ಹೋಗಬೇಕು, ಇಲ್ಲವೇ ಮೇಸ್ತ್ರಿ ಸ್ಟೋರಿಗೆ ಹೋಗಿ ಕೈಗವಸು ಜೋಡಿ ಮಾಡಬೇಕು. ಡ್ರಮ್ ಕೋಣೆಯ ಮೇಸ್ತ್ರಿಗೆ ಕೈಗವಸು! ಆನೆಯನ್ನು ಇಲಿ ಹಿಡಿಯಲು ಇಟ್ಟ ಹಾಗೆ.

"ಭಾವ, ಬೋಳಿಸಿಬಿಡಿ. ಕೂದಲು ತಾನೇ, ಮತ್ತೆ ಬರುತ್ತೆ" ಎಂದೆ.

ಭಾವ ನನ್ನನ್ನು ಮಾಸ್ಕ್ ತೊಳೆಯುವ ತೊಟ್ಟಿಯ ಹಿಂದಕ್ಕೆ ಎಳೆದರು. ಗಡ್ಡವನ್ನು ಎರಡು ಕೈಯಲ್ಲೂ ಪರದೆ ಸರಿಸಿದಂತೆ ಸರಿಸಿದರು. ಕತ್ತಲಲ್ಲಿ ಏನೋ ಬೆಳ್ಳಗೆ ಕಂಡಿತು. ಅಗಲ. ನಡುವೆ ಗುಳಿ.

"ಅಯ್ಯಯ್ಯೋ!"

"ಗೊತ್ತಾಯ್ತೇನೋ ಬಾಮೈದ? ಅಮ್ಮನದೇ ಪಡಿಯಚ್ಚು. ಮದುವೆಗೆ ಮುಂಚೆ ಅಮ್ಮನೇ ಹೇಳಿದ್ಲು, ಗಡ್ಡ ಬಿಡು ಮಗನೇ, ಬರೋ ಹುಡುಗಿಗೆ ನಾನೊಬ್ಬಳೇ ಸಾಕು ಅಂತ. ಇದನ್ನ ನಿಮ್ಮಕ್ಕ ನೋಡಿದ್ರೆ ನನ್ನ ಸಂಸಾರ ಉಳಿಯುತ್ತಾ?"

ಆಮೇಲೆ ನಾವು ಮಾಡದ ಸರ್ಕಸ್ಸಿಲ್ಲ. ಗಡ್ಡವನ್ನು ಮಡಚಿ ಮಾಸ್ಕಿನೊಳಗೆ ತುಂಬಿದೆವು, ಉಸಿರಾಡಲು ಜಾಗವೇ ಉಳಿಯಲಿಲ್ಲ. ಹೊರಗೆ ಬಿಟ್ಟು ಪಟ್ಟಿ ಬಿಗಿದೆವು, ಕಣ್ಣುಗುಡ್ಡೆ ಗಾಜಿಗೆ ತಾಗಿತು. ಕಡೆಗೆ ಗಡ್ಡಕ್ಕೆಲ್ಲ ವ್ಯಾಸಲೀನ್ ಮೆತ್ತಿ ಅಂಟಿಸಿದೆವು. ಆಹಾ, ಕೂತೇಬಿಟ್ಟಿತು! ಅಷ್ಟರಲ್ಲಿ ಭಾವನಿಗೆ ಸೀನು ಬಂತು. ಹಂದಿಮೂತಿ ಒದ್ದೆ ಸೋಪಿನಂತೆ ಮುಖದಿಂದ ಜಾರಿ, ಕಿಟಕಿ ದಾಟಿ, ಅಂಗಳದಲ್ಲಿ ಹೋಗುತ್ತಿದ್ದ ಮ್ಯಾನೇಜರ ತಲೆಯ ಮೇಲೆ ಕೂತಿತು. ಎಷ್ಟು ಸರಿಯಾಗಿ ಕೂತಿತೆಂದರೆ, ಆ ಬೋಳುತಲೆಯಿಂದ ಅದನ್ನು ಕೀಳಲು ಇಬ್ಬರು ಬೇಕಾಯಿತು.

"ನೋಡಿದ್ರಾ ಮೇಸ್ತ್ರಿ," ಮೇಡಂ ಎದುರಿನ ಕಿಟಕಿಯಿಂದ ಕೂಗಿದರು, "ಕೂದಲಿಲ್ದಿದ್ರೆ ಹೆಂಗೆ ಅಂಟುತ್ತೆ ಅಂತ!"

ಭಾನುವಾರ ಮಧ್ಯಾಹ್ನ ಕ್ಷೌರದಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಗಡ್ಡದ ಸುತ್ತ ಪ್ರದಕ್ಷಿಣೆ ಹಾಕಿ, "ಯಜಮಾನ್ರೇ, ಎಲ್ಲಿಂದ ಶುರು ಮಾಡ್ಲಿ?" ಎಂದ. "ಯಾವ ಕಡೆಯಿಂದ ಹೋದರೂ ದೂರವೇ, ನಡಿಯಪ್ಪ" ಎಂದೆ ನಾನು. ಎರಡು ಕತ್ತರಿ ಮೊಂಡಾದವು. ಕೂದಲಿನ ಜೊತೆ ಒಂದು ಗುಂಡಿ, ಒಂದು ಸ್ಕ್ರೂ, ಬಸ್ ಟಿಕೆಟು ಉದುರಿದವು. ಕೊನೆಗೆ ನೊರೆ ಒರೆಸಿದಾಗ ನಾನು ಗೊತ್ತಿಲ್ಲದೆಯೇ ಎದ್ದು ನಿಂತು ಕೈಮುಗಿದಿದ್ದೆ.

"ಯಾಕೋ?" ಎಂದರು ಭಾವ.

"ಅಭ್ಯಾಸ, ಭಾವ."

ಮನೆಯಲ್ಲಿ ಅಕ್ಕ ಒಲೆಯ ಮುಂದೆ ರೇಡಿಯೋ ಕೇಳುತ್ತಿದ್ದಳು. ಭಾವ ಬಾಗಿಲಲ್ಲಿ ನಿಂತು ಕೆಮ್ಮಿದರು. ಅಕ್ಕ ತಿರುಗಿದಳು. ಮೊದಲು ರೇಡಿಯೋ ಆರಿಸಿದಳು. ಸೌಟು ಕೆಳಗಿಟ್ಟಳು. ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. ಆಮೇಲೆ ಮೇಲಿನ ಅರ್ಧ ಮುಖ ತನ್ನ ಗಂಡನದು ಎಂದು ಹೊಳೆದು ಚೀರಿದಳು.

"ರೀ! ಮುಚ್ಕೊಳ್ರೀ ಅದನ್ನ!"

ಭಾವ ಟವೆಲ್ಲಿನಿಂದ ಗದ್ದ ಮುಚ್ಚಿಕೊಂಡರು. "ನನ್ನ ಮಾತು ಸ್ವಲ್ಪ ಕೇಳೇ..."

"ಅದು ಬೆಳೆಯೋವರೆಗೂ ನಾನು ಈ ಮನೇಲಿರಲ್ಲ. ತವರಿಗೆ ಹೋಗ್ತೀನಿ."

"ಅಕ್ಕ," ನಾನು ಮೆಲ್ಲಗೆಂದೆ, "ತವರು ಅಂದ್ರೆ ನಮ್ಮನೆ ಕಣೆ. ಇರೋದೇ ಒಂದು ಕೋಣೆ."

"ಅದಕ್ಕೇನೀಗ? ನೀನು ಹೊರಗೆ ಮಲಕ್ಕೋ."

ಭಾವ ಪಾಪ, ಟವೆಲ್ಲಿನ ಹಿಂದಿನಿಂದಲೇ ಎಲ್ಲ ವಿವರಿಸಿದರು. ಬಾಳೆಹಣ್ಣು, ಯಂತ್ರ, ಪುಡಿ, ಎದೆ, ಸೋಪು, ಬಾಡಿಗೆ ಕೊಡದ ಬಿಡಾರ. ಅಕ್ಕನ ಮುಖ ಸ್ವಲ್ಪ ಸಡಿಲವಾಯಿತು.

"ಇಷ್ಟು ದಿನ ಬಾಳೆಹಣ್ಣು ಅಂತ ಅವರಿಗೆ ಟೋಪಿ ಹಾಕಿ ಆ ವಿಷ ಕುಡೀತಿದ್ರಾ? ನಿಮ್ಮ ಗಡ್ಡಕ್ಕಿಷ್ಟು ಬೆಂಕಿ ಹಾಕ! ಆ ಯಂತ್ರ ಏನಂತು?"

ಭಾವ ಪ್ರಾಮಾಣಿಕರು. ಮಾತು ಸ್ಪಷ್ಟವಾಗಿ ಕೇಳಲೆಂದು ಟವೆಲ್ಲು ಇಳಿಸಿದರು. ಗದ್ದ ಎತ್ತಿದರು.

"ಉಪ್ಪು ಹೆಚ್ಚಾಯ್ತು."

ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ.

"ಹೆಚ್ಚಾಗಿರಲಿಲ್ಲ!" ಅಕ್ಕನ ಗಂಟಲಿನಿಂದ ಒಂದು ವರ್ಷದ ಬಿರಡೆ ಕಿತ್ತುಬಂತು. "ಹೆಚ್ಚಾಗಿರಲಿಲ್ಲ ಅತ್ತೆ! ಔಷಧಿ ತಿಂದೂ ತಿಂದೂ ನಿಮ್ಮ ನಾಲಿಗೆ ಕೆಟ್ಟಿತ್ತು! ಬೆಳಗ್ಗೆಯಿಂದ ನಿಮ್ಮ ಕಾಲೊತ್ತಿ, ನಾನು ಒಂದು ಲೋಟ ನೀರೂ ಕುಡಿದಿರಲಿಲ್ಲ. ಒಂದು ದಿನ, ಬರೀ ಒಂದು ದಿನ ಚೆನ್ನಾಗಿದೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಬಾಯಿಲ್ವಾ ಈಗ? ನಾನು ಮಾತಾಡೋಕೆ ಮುಂಚೆ ಹಂಗೆ ಎದ್ದು ಹೋಗೋದಾ? ಇನ್ನು ನಾನು ಯಾರ ಹತ್ರ ಜಗಳ ಆಡ್ಲಿ?"

ಭಾವ ಅಮ್ಮನ ಪಾಲಿನದನ್ನೆಲ್ಲ ಬೈಸಿಕೊಂಡರು. ಪಕ್ಕದ ಮನೆಯ ಕಿಟಕಿ ತೆರೆದ ಸದ್ದಾಯಿತು. ಒಂದು ವರ್ಷದಿಂದ ಪಾಪ, ಅವರಿಗೂ ಬೇಜಾರಾಗಿತ್ತು.

ಅಕ್ಕ ಬೈದು ಬೈದು ಸುಸ್ತಾಗಿ ಕೂತಳು. ಕಣ್ಣೊರೆಸಿಕೊಂಡು ಆ ಗದ್ದವನ್ನೇ ನೋಡಿದಳು. ಬೆರಳು ಚಾಚಿ ನಡುವಿನ ಗುಳಿಯನ್ನು ಮುಟ್ಟಿದಳು.

"ನಾಳೆ ಪರೀಕ್ಷೆಗೆ ಹೋಗುವಾಗ ಇನ್ನೊಂದ್ಸಲ ನುಣ್ಣಗೆ ಬೋಳಿಸ್ಕೊಳ್ಳಿ" ಎಂದಳು.

ಸೋಮವಾರ ಭಾವ ಉಪ್ಪಿನ ಮಂಜಿನಲ್ಲಿ ನಿಂತರು. ಎತ್ತಿ, ಬಗ್ಗಿ, ಮಗ್ಗಿ. ಯಂತ್ರ ಮಲಗಿದ ಬೆಕ್ಕಿನಂತೆ ತೆಪ್ಪಗಿತ್ತು. "ಹೊರಗೆ ಸಮುದ್ರ ಇದೆ, ಒಳಗೆ ಉಪ್ಪಿನ ಸುಳಿವೇ ಇಲ್ಲ" ಎಂದರು ಮೇಡಂ, ಮೊದಲ ಸಲ ನಗುತ್ತ. ಡ್ರಮ್ ಕೋಣೆಯವರು ತಮ್ಮ ಮೇಸ್ತ್ರಿಯನ್ನು ಗುರುತು ಹಿಡಿಯದೆ, ಗುರುತಿನ ಚೀಟಿ ಕೇಳಿ ಒಳಗೆ ಬಿಟ್ಟರು.

ಸಂಜೆ ಊಟಕ್ಕೆ ನನ್ನನ್ನೂ ಕರೆದಿದ್ದರು. ಅಕ್ಕ ಬಡಿಸಿ, ಸೌಟು ಹಿಡಿದು ಭಾವನ ಎದುರಿಗೇ ನಿಂತಳು. ಭಾವ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಅಗಿಯುವುದು ನಿಂತಿತು. ನುಂಗಿದರು. ಗದ್ದ ಮೇಲೆದ್ದಿತು. ನಾನು ಉಸಿರು ಹಿಡಿದೆ, ಅಕ್ಕನೂ ಹಿಡಿದಳು. ಪಕ್ಕದ ಮನೆಯ ಕಿಟಕಿಯೂ ಹಿಡಿದಿತ್ತೆಂದು ಕಾಣುತ್ತದೆ.

"ಉಪ್ಪು," ಎಂದರು ಭಾವ, "ಸರಿಯಾಗಿದೆ."

ಅಕ್ಕ ಸೌಟು ಹಿಡಿದೇ ಅವರತ್ತ ಬಗ್ಗಿದಳು. "ಇನ್ನೊಂದ್ಸಲ ಹೇಳ್ರೀ. ಹಂಗೇ, ಗದ್ದ ಎತ್ತಿಕೊಂಡೇ."

"ಸರಿಯಾಗಿದೆ. ಚೆನ್ನಾಗಿದೆ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತ, ಇನ್ನಷ್ಟು ತರಲು ಒಳಗೆ ಹೋದಳು. ನಾನೂ ಒಂದು ತುತ್ತು ಬಾಯಿಗಿಟ್ಟೆ.

ಅಬ್ಬಬ್ಬಾ! ಒಂದು ವರ್ಷ ಹಾಕದೆ ಉಳಿಸಿದ್ದನ್ನೆಲ್ಲ ಒಂದೇ ದಿನ ಸುರಿದಿದ್ದಳೋ, ಅಥವಾ ಅವಳ ಕೈಯಳತೆಯೇ ಅಷ್ಟೋ. ಅತ್ತೆಯವರು ಸುಳ್ಳಾಡಿ ಸತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ನೋಡಿದರೆ ಭಾವನ ಕಣ್ಣಲ್ಲೂ ನೀರು. ನಶ್ಯಕ್ಕೆ ಮೂಗು ಸತ್ತಿತ್ತೇ ಹೊರತು ನಾಲಿಗೆ ಬದುಕಿತ್ತು.

"ಏನ್ರೀ, ಇಬ್ರೂ ಅಳ್ತಿದೀರಾ?" ಅಕ್ಕ ಪಾತ್ರೆ ಹಿಡಿದು ಬಂದಳು.

ಭಾವ ನನ್ನ ಕಡೆ ನೋಡಿ, ತಟ್ಟೆ ಅವಳತ್ತ ಚಾಚಿದರು.

"ಬಾಳೆಹಣ್ಣು ನೆನಪಾಯ್ತು ಕಣೇ" ಎಂದರು. "ಬಡಿಸು."