ಅಕ್ಕನ ಕೆಂಪು

"ಹೆಸರು ಹೇಳೋಷ್ಟರಲ್ಲೇ ನಾಲಿಗೆ ಉಳುಕುತ್ತಲ್ರೀ, ಇದನ್ನ ಗಿರಾಕಿ ಕೇಳೋದು ಹೇಗೆ?" ಅಂದಳು ಅಕ್ಕ, ವೈನ್ ಬಾಟಲಿಯ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು.

"ಮೊಂತೆಪುಲ್ಚಾನೊ. ನೀವು ಬೋರ್ಡಿನ ಮೇಲೆ 'ಅಕ್ಕನ ಕೆಂಪು' ಅಂತಲೇ ಬರೀರಿ ತಾಯಿ, ಇಟಲಿಯವರೇನೂ ಬಂದು ಕೇಳಲ್ಲ," ಅಂದರು ಬಿರಡೆ ರಾಯರು.

ರಾಯರು ನಮಗೆ ವೈನ್ ತಂದುಕೊಡುವವರು. ಜೇಬಿಗೆ ಕೈ ಹಾಕಿದರೆ ಕರವಸ್ತ್ರಕ್ಕಿಂತ ಮೊದಲು ಬಾಟಲಿಯ ಬಿರಡೆಗಳು ಉದುರುವುದರಿಂದ ಆ ಹೆಸರು. ಅಕ್ಕ ನನ್ನ ಓರಗಿತ್ತಿ. ಈ ಎಂಟು ಮೇಜಿನ ಹೋಟೆಲಿನಲ್ಲಿ ಒಲೆ ಅವಳದು, ಬಡಿಸುವುದು ನನ್ನದು. ಪ್ರತಿ ವರ್ಷ ಜಗ್‌ನಲ್ಲಿ ಅಳೆದು ಕೊಡುವ ದಿನಬಳಕೆಯ ಕೆಂಪು ವೈನನ್ನು ಆರಿಸುವುದೂ ಅವಳೇ. ಇದ್ದ ವೈನ್ ಬರುವುದು ನಿಂತಿತ್ತು. ಅದೇ ದರಕ್ಕೆ ಸಿಗುವ ಮೂರು ಬಾಟಲಿ ತಂದು ರಾಯರು ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ ಬಂದಿದ್ದರು.

ನನಗೆ ಕುಳಿತಲ್ಲೇ ಕಣ್ಣು ಎಳೆಯುತ್ತಿತ್ತು. ಎರಡು ತಿಂಗಳಿಂದ ಅಕ್ಕನ ಕೈರುಚಿ ಕೆಟ್ಟಿತ್ತು. ಸ್ಟ್ಯೂ ತಳ ಹಿಡಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ, ಬೆಳ್ಳುಳ್ಳಿ ಕೈಗೆ ಬಂದಷ್ಟು ಬೀಳುತ್ತಿತ್ತು. ಅವಳು ಆ ಕಡೆ ತಿರುಗಿದಾಗ ನಾನು ಪಾತ್ರೆ ಬದಲಿಸುವುದು, ನಿಂಬೆ ಹಿಂಡುವುದು, ಮೇಜಿಗೆ ಹೋಗಿ ಹಲ್ಲು ಕಿರಿಯುವುದು. ನಿನ್ನೆ ನನ್ನ ಗಂಡ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಅತ್ತಿಗೆಗೆ ಆಗ್ತಿಲ್ಲ. ಅಡುಗೆಯವನನ್ನ ಇಡೋಣ." ಭಾವ ತೀರಿಹೋದಮೇಲೆ ಅಕ್ಕನಿಗೆ ಉಳಿದಿದ್ದು ಆ ಒಲೆಯೊಂದೇ.

ರಾಯರಂತೆ ಗ್ಲಾಸ್ ತಿರುಗಿಸಿ ಮೂಸುವವಳಲ್ಲ ಅಕ್ಕ. ಬ್ರೆಡ್ಡಿನ ಅಂಚನ್ನು ಸ್ಟ್ಯೂನಲ್ಲಿ ಅದ್ದಿ, ಅಗಿದು, ಮೇಲೆ ಒಂದು ಗುಟುಕು. ಊಟದ ಜೊತೆ ಕುಡಿಯುವ ವೈನನ್ನು ಊಟದ ಜೊತೆಗೇ ನೋಡಬೇಕು ಅಂತ ಅವಳ ಹಠ. ಮೊದಲನೆಯದಕ್ಕೆ ತಲೆ ಅಲ್ಲಾಡಿಸಿದಳು. ಎರಡನೆಯದಕ್ಕೆ "ಪರವಾಗಿಲ್ಲ" ಅಂದಳು. ಮೂರನೆಯದನ್ನು ರಾಯರು ಮಗಳ ಬಾಣಂತನದ ಕಥೆ ಹೇಳುತ್ತಲೇ ತೆಗೆದು ಸುರಿದರು.

"ಇದು! ಇದೇ ಆಗಲಿ. ಏನು ಘಮ ನೋಡಿ," ಅಂದಳು ಅಕ್ಕ.

ನಾನೂ ಗ್ಲಾಸ್ ಎತ್ತಿದೆ. ನೆಲಮಾಳಿಗೆಯಲ್ಲಿ ನೆನೆದು ಬೂಷ್ಟು ಹಿಡಿದ ರಟ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಬಿರಡೆ ಕೆಟ್ಟು ಬಾಟಲಿಯೇ ಹಾಳಾಗಿತ್ತು. ರಾಯರೂ ಮೂಸಿದರು. ಅವರ ಹುಬ್ಬು ಮೇಲೇರಿದ್ದು ಇಳಿಯಲಿಲ್ಲ.

"ರಾಯರೇ, ಅಕ್ಕ ನಿಮ್ಮನ್ನ ಆಟ ಆಡಿಸ್ತಿದ್ದಾಳೆ," ಅಂದೆ ನಗುತ್ತಾ. "ಕೆಟ್ಟ ಬಾಟಲಿ ತಂದು ಸುರಿದ್ರಲ್ಲ, ಅದಕ್ಕೆ."

"ಅಯ್ಯಯ್ಯೋ, ಮಾನ ಕಳೆದ್ರಲ್ಲ ತಾಯಿ! ಗಾಡೀಲಿ ಇದೇ ಇನ್ನೊಂದಿದೆ, ತರ್ತೀನಿ, ತರ್ತೀನಿ," ಅನ್ನುತ್ತಾ ರಾಯರು ಹೊರಗೆ ಓಡಿದರು.

ಅಕ್ಕ ನಗಲಿಲ್ಲ. ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾವಾಗಿಂದ?" ಅಂದೆ.

"ಆ ಜ್ವರ ಬಂದು ಹೋಯ್ತಲ್ಲ, ಆವತ್ತಿಂದ. ಮೂಗಿಗೆ ಸೀದಿದ್ದೂ ಒಂದೇ, ಹೂವೂ ಒಂದೇ."

"ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಮೈದುನ ಮಾರನೇ ದಿನಾನೇ ಇನ್ನೊಬ್ಬನ್ನ ತಂದು ನಿಲ್ಲಿಸ್ತಿದ್ದ." ಅವಳು ಮೇಜನ್ನೇ ನೋಡುತ್ತಾ ಅಂದಳು, "ನೀನು ಪಾತ್ರೆ ಬದಲಿಸೋದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಾನು ಬೇಕಂತಲೇ ಆ ಕಡೆ ತಿರುಗ್ತಿದ್ದೆ ಕಣೇ."

ನನಗೆ ಸಿಟ್ಟು ಬರಬೇಕಿತ್ತು. ಎರಡು ತಿಂಗಳು ಒಬ್ಬರಿಗೊಬ್ಬರು ಕಣ್ಣಾಮುಚ್ಚಾಲೆ ಆಡಿ ಇಬ್ಬರೂ ಸುಸ್ತು. ಸಿಟ್ಟು ಮಾಡಿಕೊಳ್ಳಲೂ ತ್ರಾಣ ಇರಲಿಲ್ಲ.

"ಇನ್ನು ಆ ಕಡೆ ತಿರುಗಬೇಡ," ಅಂದೆ. "ನನ್ನನ್ನ ಕರೀ, ಬಂದು ಮೂಸ್ತೀನಿ."

ರಾಯರು ಏದುಸಿರು ಬಿಡುತ್ತಾ ಬಂದು ಹೊಸ ಬಾಟಲಿ ತೆಗೆದರು. ಈ ಸಲ ತಾವೇ ಎರಡೆರಡು ಸಲ ಮೂಸಿದರು.

"ನಂಗೆ ಮೂಗು ಸತ್ತಿದೆ ರಾಯರೇ," ಅಂದಳು ಅಕ್ಕ. "ಆಟ ಗೀಟ ಏನಿಲ್ಲ. ವಾಸನೆ ಇವಳು ನೋಡ್ತಾಳೆ. ಹುಳಿ, ಒಗರು ನಾಲಿಗೆಗೆ ಇನ್ನೂ ಗೊತ್ತಾಗುತ್ತೆ, ಅದನ್ನ ನಾನು ನೋಡ್ತೀನಿ."

ರಾಯರು ಬ್ರೆಡ್ ತಟ್ಟೆಯನ್ನು ನಮ್ಮಿಬ್ಬರ ನಡುವೆ ಸರಿಸಿದರು.

ಮೊದಲನೆಯದರಿಂದ ಮತ್ತೆ ಶುರುಮಾಡಿದೆವು. "ಜಾಮ್ ಡಬ್ಬ ತೆಗೆದ ಹಾಗಿದೆ," ಅಂದೆ. "ಬಾಯಿ ಒಣಗಿಸುತ್ತೆ, ಬೇಡ," ಅಂದಳು. ಹೊಸ ಬಾಟಲಿಯದು ಘಮವೇನೋ ಜೋರು, ಆದರೆ ಎರಡು ಗುಟುಕಿಗೇ ಸಾಕೆನಿಸಿತು. ಉಳಿದದ್ದು ಎರಡನೆಯದು, ಆ ಮೊಂತೆಪುಲ್ಚಾನೊ.

"ಚೆರ್ರಿ. ಸ್ವಲ್ಪ ಮೆಣಸು. ಅಷ್ಟೇ, ಜಾಸ್ತಿ ಏನಿಲ್ಲ."

"ಜಾಸ್ತಿ ಬೇಡ. ಕೂತು ಮಾತಾಡೋರಿಗೆ ಅಡ್ಡ ಬರಬಾರದು." ಅವಳು ಬ್ರೆಡ್ ಅಗಿದು, ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿದಳು. "ಹುಳಿ ಸರಿಯಾಗಿದೆ. ಜಿಡ್ಡು ತೊಳ್ಕೊಂಡು ಹೋಯ್ತು. ಇದೇನಾ?"

"ಇದೇ," ಅಂದೆ.

ಹಿಂದಿನ ಬಾಗಿಲು ಕಿರುಗುಟ್ಟಿತು. ನನ್ನ ಗಂಡ ಈರುಳ್ಳಿ ಚೀಲ ಹೊತ್ತು ಒಳಗೆ ಬಂದ. ಅಕ್ಕ ಎದ್ದು ಅವನಿಗೊಂದು ಕುರ್ಚಿ ಎಳೆದಿಟ್ಟಳು. "ಕೂತ್ಕೋ, ನಿಂಗೂ ಒಂದು ಮಾತು ಹೇಳೋದಿದೆ," ಅಂದಳು.