ಕಿವಿಯ ಕಚ್ಚು

“ಏ, ಅದನ್ನ ಬಿಡವ್ವಾ, ಅದು ನಿಮ್ಮ ಕಾಕಾಂದು!” ಮಾಯಪ್ಪ ಕುರಿದೊಡ್ಡಿಯ ಆಚೆ ತುದಿಯಿಂದ ಮಗಳಿಗೆ ಕೂಗಿ ಹೇಳಿದ.

ಸುವರ್ಣಾ ಕುರಿಯೆದುರು ಕೂತು ಅದರ ಕೊರಳು ತಬ್ಬಿಕೊಂಡಿದ್ದಳು. ಕಾಕಾ ಶಿದ್ಲಿಂಗಪ್ಪನ ಹಿಂಡು ತಮ್ಮದರೊಳಗೆ ಬೆರೆತಿತ್ತು. ಎಡಗಿವಿಯಲ್ಲಿ ಗುರುತಿನ ಕಚ್ಚು ಇದ್ದರೆ ತಮ್ಮದು, ಬಲಗಿವಿಯಲ್ಲಿದ್ದರೆ ಕಾಕಾನದು. ಸಾಲಿಗೆ ಹೋಗುವ ಮೊದಲೇ ಕಲಿತ ಪಾಠ.

“ಎಡಕ್ಕ ಐತೆಲ್ಲಪ್ಪಾ.”

“ಮುಂದ ಕುಂತ ನೋಡಿದ್ರ ಎಡಾ ಬಲಾ ಅಕ್ಕೈತಿ. ಕುರಿ ಹಿಂದ ನಿಂತ ನೋಡ್ಬೇಕ. ಅಷ್ಟ ದೊಡ್ಡ ಸಾಲಿ ಕಲ್ತಿ, ಇದನ್ನ ಮರ್ತಿ ನೋಡ!” ಮಾಯಪ್ಪ ನಕ್ಕ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸುವರ್ಣಾಳ ಮುಖ ಇಳಿಯಿತು. ಮರೆತದ್ದು ಈ ದೊಡ್ಡಿಯಲ್ಲಿ ಮಾತ್ರವಾಗಿದ್ದರೆ!

ಅವಳು ಸಂಶೋಧನೆ ಮಾಡುವ ಪ್ರಯೋಗಾಲಯದಲ್ಲಿ ಬೆಳ್ಳಿಯದೊಂದು, ಪಲೇಡಿಯಂ ಎಂಬ ಲೋಹದ್ದೊಂದು, ಹೀಗೆ ಎರಡು ಬಿಲ್ಲೆಗಳಿದ್ದವು. ಎರಡೂ ಬಿಳಿ, ಎರಡೂ ಅಂಗಿಯ ಗುಂಡಿಯಷ್ಟು. ಅದಲು ಬದಲಾಗದಿರಲೆಂದು ಅವನ್ನು ಕೂರಿಸಿದ ತಟ್ಟೆಗಳ ಅಂಚಿಗೆ ಅವಳೇ ಮನೆಯ ಪದ್ಧತಿಯಂತೆ ಕಚ್ಚು ಹಾಕಿದ್ದಳು. ಹಿಂದಿನಿಂದ ನೋಡಿದರೆ ಎಡಕ್ಕೆ ಕಚ್ಚು ಇದ್ದದ್ದು ಬೆಳ್ಳಿ. ಆದರೆ ಅವನ್ನು ಒಳಗಿಟ್ಟ ಯಂತ್ರದ ಗಾಜಿನ ಕಿಂಡಿಯಲ್ಲಿ ತಟ್ಟೆ ಕಾಣುವುದು ಮುಂದಿನಿಂದ. ಅಲ್ಲಿಯ ಕಿರಿಯ ಸಂಶೋಧಕಿ ಪದ್ಮಶ್ರೀಗೆ ಬೆಳ್ಳಿ ಬೇಕಾದಾಗ ಕಿಂಡಿಯಲ್ಲಿ ಇಣುಕಿ ಆರಿಸಿಕೊಟ್ಟವಳು ಸುವರ್ಣಾ.

ಆ ಹುಡುಗಿ ಬೆಳೆಸುತ್ತಿದ್ದುದು ಎರಡು ಮೂರು ಪರಮಾಣುಗಳ ದಪ್ಪದ ಆಕ್ಸೈಡ್ ಪದರು. ಅಷ್ಟು ತೆಳ್ಳಗಿನ ಪದರಿಗೆ ಸ್ವಂತ ಹಟ ಎಲ್ಲಿಯದು? ಅಡಿಯಲ್ಲಿರುವ ಲೋಹ ಹೇಗೋ ಅದರ ಜೋಡಣೆಯೂ ಹಾಗೆ. ಬೆಳ್ಳಿಯ ಮೇಲೆ ಬರಬೇಕಾದ ವಿನ್ಯಾಸ ಪದ್ಮಶ್ರೀಗೆ ಎಷ್ಟು ಸಲ ಮಾಡಿದರೂ ಬರಲಿಲ್ಲ. “ಕೈ ಸ್ವಚ್ಛವಿಲ್ಲದವರಿಗೆ ಇದು ಒಗ್ಗುವ ಕೆಲಸವಲ್ಲ” ಎಂದು ಮಾರ್ಗದರ್ಶಕರು ಎಲ್ಲರೆದುರು ಅಂದುಬಿಟ್ಟರು. ಅವಳು ಅಳುತ್ತ ತನ್ನೂರು ಯಮಕನಮರಡಿಗೆ ಹೋದಳು.

ಹೋದ ವಾರ ತನ್ನ ಕೆಲಸಕ್ಕೆಂದು ಕಿಂಡಿಯೆದುರು ನಿಂತಾಗ ಸುವರ್ಣಾಳಿಗೆ ತನ್ನ ತಪ್ಪು ತಿಳಿದಿತ್ತು. ಹೇಳಿದರೆ ನಾಳೆ ತನಗೂ ಅದೇ ಗತಿ. ಬಾಯಿ ಮುಚ್ಚಿಕೊಂಡು, ರಜೆ ಹಾಕಿ, ತನ್ನೂರು ಕುಲಗೋಡಕ್ಕೆ ಓಡಿ ಬಂದಿದ್ದಳು. ಛೀ!

ಫೋನ್ ಬಡಿದುಕೊಂಡಿತು. ಪದ್ಮಶ್ರೀ.

“ಅಕ್ಕಾರ, ನಾಳಿ ಲ್ಯಾಬಿಗೆ ಬಂದ ನನ್ನ ಹೆಸರ ತಗಸ್ತೇನ್ರಿ. ಅಣ್ಣನ ಅಂಗಡ್ಯಾಗ ಕುಂಡ್ರತೇನಿ. ನನ್ನ ಕೈಗುಣಾನ ಸರಿ ಇಲ್ಲ ಅನಸ್ತೈತಿ. ನೀವೊಬ್ರ ನೋಡ್ರಿ ನನಗ ಒಂದ ಮಾತ ಬೈಲಿಲ್ಲ.”

ಸುವರ್ಣಾ ಕುರಿಯನ್ನು ಬಿಟ್ಟು ಎದ್ದಳು.

“ಹೆಸರ ತಗಸಬ್ಯಾಡ. ತಪ್ಪ ನಂದವಾ. ನಾ ನಿನಗ ಕೊಟ್ಟಿದ್ದ ಬೆಳ್ಳಿ ಅಲ್ಲ, ಪಲೇಡಿಯಂ. ನಿನ್ನ ಕೆಲಸ ಖರೇನ ಇತ್ತ. ಸರ್‌ಗ ಈಗ ನಾನ ಹೇಳ್ತೇನಿ.”

ಪದ್ಮಶ್ರೀ ಒಂದೇ ಕೇಳಿದಳು.

“ಇವತ್ತ ಗೊತ್ತಾತೇನ್ರಿ ಅಕ್ಕಾರ?”

ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಅನ್ನಲಿ ಎಂಬ ಆಸೆಯಿತ್ತು. ಹೌದು ಎಂದರೆ ಮುಗಿದೇಹೋಗುತ್ತಿತ್ತು. ಮಾಯಪ್ಪ ಕಾಕಾನ ಕುರಿಯ ಬೆನ್ನು ತಟ್ಟಿ ದೊಡ್ಡಿಯಾಚೆ ದಾಟಿಸುತ್ತಿದ್ದ.

“ಇಲ್ಲ,” ಎಂದಳು ಸುವರ್ಣಾ. “ಹೋದ ವಾರನ ಗೊತ್ತಾಗಿತ್ತ.”

ಪದ್ಮಶ್ರೀ ಫೋನ್ ಇಡಲಿಲ್ಲ. ಯಮಕನಮರಡಿಯ ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಹೋದದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಇನ್ನೊಂದು.