ಯಾರ ಗುಂಡಿಗೆ ಬಿದ್ದ ಜಿಂಕೆ

ಗುಂಡು ಹಾರಿಸಿದ ಮೇಲೆ ಲೋರ್ನಾ ಅರ್ಧ ಗಂಟೆ ಕೂತ ಜಾಗ ಬಿಟ್ಟು ಕದಲಲಿಲ್ಲ. ಏಟು ತಿಂದ ಜಿಂಕೆಯ ಬೆನ್ನು ಕೂಡಲೇ ಹತ್ತಿದರೆ ಮಲಗಿದ್ದದ್ದೂ ಎದ್ದು ಇನ್ನೊಂದು ಗುಡ್ಡ ದಾಟುತ್ತದೆ. ಆಮೇಲೆ ಉದುರೆಲೆಗಳ ಮೇಲಿನ ರಕ್ತದ ಹನಿ ನೋಡುತ್ತ ಇಳಿಜಾರು ಇಳಿದಳು. ಬೇಟೆಗೆಂದು ಅವಳಿಗೆ ಸಿಕ್ಕಿದ್ದು ಈ ಶನಿವಾರ ಒಂದೇ. ನಾಳೆಯಿಂದ ವೃದ್ಧಾಶ್ರಮದಲ್ಲಿ ಹನ್ನೆರಡು ಗಂಟೆಯ ಪಾಳಿ. ಮನೆಯಲ್ಲಿ ಮೂರು ಮಕ್ಕಳು, ಬರಿದಾದ ಫ್ರೀಜರು. ಈ ಜಿಂಕೆ ಸಿಕ್ಕರೆ ಮಾರ್ಚ್‌ವರೆಗೆ ಮಾಂಸದ ಚಿಂತೆಯಿಲ್ಲ.

ಮುಂದೆಲ್ಲೋ ಒಂದು ಗುಂಡಿನ ಸದ್ದು ಕೇಳಿತು. ಅವಳು ಹೆಜ್ಜೆ ಚುರುಕು ಮಾಡಿದಳು.

ತೊರೆಯ ಪಕ್ಕ ಜಿಂಕೆ ಬಿದ್ದಿತ್ತು. ಅದರ ಬಳಿ ಕಿತ್ತಳೆ ಅಂಗಿಯ ಮುದುಕನೊಬ್ಬ ಹೊಡೆದ ಜಿಂಕೆಯ ಕಿವಿಗೆ ಕಟ್ಟುವ, ಒಬ್ಬರಿಗೆ ಒಂದೇ ಸಿಗುವ ಪರವಾನಗಿ ಚೀಟಿ ಹಿಡಿದು ನಿಂತಿದ್ದ.

"ನಿಂದೇನಮ್ಮಾ ಇದು?"

"ಮೇಲಿಂದ ಹೊಡ್ದೆ. ಅಲ್ಲಿಂದ ರಕ್ತ ನೋಡ್ಕೊಂಡೇ ಬಂದೆ."

"ನಾನೂ ಹೊಡ್ದೆ. ಬಸ್ ತಪ್ಪಿಸ್ಕೊಂಡೋರ ಥರ ಓಡ್ತಿತ್ತು." ಮುದುಕ ಚೀಟಿಯನ್ನು ಜೇಬಿಗೆ ಹಾಕಿದ. "ಕಾಡೇನೋ ಸರ್ಕಾರದ್ದು, ಹಾಗಂತ ಸರ್ಕಾರ ಬಂದು ಹಂಚಲ್ಲ. ಸಾಯಿಸಿದ ಗುಂಡು ಯಾರದೋ ಜಿಂಕೆ ಅವರದು. ಹತ್ತಿರದ್ದು ನೋಡೋ ಕನ್ನಡಕ ಗಾಡೀಲಿದೆ, ನೀನೇ ನೋಡಿ ಹೇಳು."

"ನನ್ನ ಮಾತು ನಂಬ್ತೀರಾ?"

"ನಂಬದೆ ಏನ್ಮಾಡ್ಲಿ? ಜಿಂಕೇನ ಕೇಳೋಕಾಗುತ್ತಾ?"

ಲೋರ್ನಾ ಮಂಡಿಯೂರಿದಳು. ಅವಳು ಹೊಡೆದದ್ದು ಎಡಗಡೆಯಿಂದ. ಎಡಗಡೆಯ ತೂತು ಹಿಂದಕ್ಕೆ, ಹೊಟ್ಟೆಯ ಮೇಲಿತ್ತು. ಸುತ್ತಲ ಕೂದಲಿಗೆ ಹೊಟ್ಟೆಯೊಳಗಿನ ಅರೆದ ಹುಲ್ಲಿನ ಹಸಿರು ಹತ್ತಿತ್ತು. ಕಾಲು ಹಿಡಿದು ಜಿಂಕೆಯನ್ನು ಮಗ್ಗುಲಾಗಿಸಿದಳು. ಬಲಗಡೆ, ಮುಂಗಾಲ ಹಿಂದೆಯೇ, ಪಕ್ಕೆಯಲ್ಲಿ ಚೊಕ್ಕವಾದ ಇನ್ನೊಂದು ತೂತು, ಮುದುಕನದು. ತನ್ನ ಗುಂಡಿಗಾದರೆ ಇದು ಇರುಳೆಲ್ಲ ನರಳಿ, ಬೆಳಗಾಗುವಷ್ಟರಲ್ಲಿ ಕಾಡುನಾಯಿಗಳ ಪಾಲಾಗುತ್ತಿತ್ತು. ಒಂದು ಮಾತು ತಿರುಗಿಸಿ ಹೇಳಿದರೆ ಮುದುಕನಿಗೆ ಗೊತ್ತಾಗುವಂತಿರಲಿಲ್ಲ. ಅವಳು ಎದ್ದು ನಿಂತಳು.

"ನಿಮ್ಮದೇ. ಪಕ್ಕೆಗೆ ಬಿದ್ದಿದೆ."

"ನಿಂದು?"

"ಹೊಟ್ಟೆಗೆ. ಅವಸರ ಮಾಡ್ಬಿಟ್ಟೆ."

ಮುದುಕ ಚಾಕು ತೆಗೆದ. ಅವಳು ಹಿಂಗಾಲು ಅಗಲಿಸಿ ಹಿಡಿದಳು, ಅವನು ಹೊಟ್ಟೆ ಸೀಳಿ ಕರುಳು ತೆಗೆದ. ತೊರೆಯಲ್ಲಿ ಕೈ ತೊಳೆಯುವಾಗ ಕೇಳಿದ:

"ನಿನ್ನ ಚೀಟಿ ಇನ್ನೂ ಇದೆ ತಾನೆ?"

"ಇದೆ. ಹೊತ್ತೇ ಇಲ್ಲ."

"ಒಂದು ಗಂಟೆ ಬೆಳಕಿದೆ. ಆ ಬಿದ್ದ ಮರದ ಹಿಂದೆ ಹೋಗಿ ಕೂತ್ಕೋ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಕೂರ್ತೀನಿ, ನನ್ನ ತಮ್ಮಂಗೂ ಹೇಳಿಲ್ಲ. ಸಂಜೆ ನೀರಿಗೆ ಬರ್ತವೆ."

"ತಮ್ಮಂಗೇ ಹೇಳ್ದೆ ಇರೋರು ನನಗ್ಯಾಕೆ ಹೇಳ್ತೀರಾ?"

"ಅವನಾಗಿದ್ರೆ ಈ ಪಕ್ಕೆ ತೂತು ನೋಡಿ ನಂದೇ ಗುಂಡು ಅಂತಿದ್ದ."

ಮುದುಕ ಹಗ್ಗ ಹೆಗಲಿಗೇರಿಸಿ ಜಿಂಕೆಯನ್ನು ಎಳೆದುಕೊಂಡು ಹೊರಟ. ಲೋರ್ನಾ ಮರದ ಹಿಂದೆ ಕೂತಳು. ಅವನು ಕೂತಿದ್ದ ಕಡೆ ಎಲೆಗಳು ತಗ್ಗಾಗಿದ್ದವು. ಬೆಳಕು ಕಂದುತ್ತಿದ್ದಾಗ ಒಂದು ಹೆಣ್ಣುಜಿಂಕೆ ನೀರಿಗಿಳಿಯಿತು, ಮುಖ ಅವಳ ಕಡೆಗೇ. ಬಂದೂಕು ಭುಜಕ್ಕೇರಿತು, ಬೆರಳು ಟ್ರಿಗರ್‌ನ ಹೊರಗೇ ಉಳಿಯಿತು. ಅದು ಪಕ್ಕಕ್ಕೆ ತಿರುಗಿ ಪಕ್ಕೆ ತೋರಲಿ ಎಂದು ಅವಳು ಕಾದಳು.